ನಿಮ್ಮ ದುಡಿಮೆ ನಿಮ್ಮ ಹೆಸರಲ್ಲಿ: ವಿಶೇಷ ಚೇತನರಿಗೆ 14 ಯಶಸ್ಸಿನ ಸೂತ್ರಗಳು

ಕಬ್ಬಿನ ಸೀಜನ್ ಶುರುವಾದರೆ ಮುಧೋಳ ಸೀಮೆಯಲ್ಲಿ ಆಳು ಸಿಗುವುದಿಲ್ಲ. ಕಡಿಯುವ ಗ್ಯಾಂಗ್‌ಗಳು ಹೊರಗಿನಿಂದ ಬರುತ್ತವೆ, ಕಾರ್ಖಾನೆ ಹಗಲೂ ರಾತ್ರಿ ನಡೆಯುತ್ತದೆ. ರಬಕವಿ–ಬನಹಟ್ಟಿಯ ಓಣಿಗಳಲ್ಲಿ ಪವರ್‌ಲೂಮ್ ಸದ್ದು, ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ, ಜಮಖಂಡಿ, ಬೀಳಗಿಯ ರಸ್ತೆಗಳಲ್ಲಿ ಸಾಲು ಸಾಲು ಟ್ರ್ಯಾಕ್ಟರ್. ಇಷ್ಟು ದುಡಿಮೆ ಇರುವ ನಾಡಿನಲ್ಲೇ ಕಾಲು ಸ್ವಾಧೀನವಿಲ್ಲದ, ಕಣ್ಣು ಕಾಣದ, ಕಿವಿ ಕೇಳದ ಎಷ್ಟೋ ಯುವಕ, ಯುವತಿಯರು ಪಡಸಾಲೆಯಲ್ಲಿ ಕೂತಿದ್ದಾರೆ. ಮನೆಯವರು ಪ್ರೀತಿಯಿಂದಲೇ ಹೇಳುತ್ತಾರೆ: "ಅವಗ ಯಾತರ ದುಡಿಮಿ ಬಿಡ್ರಿ, ಕುಂತು ಉಣ್ಣಲಿ." ಈ ಪ್ರೀತಿಯ ಮಾತೇ ಒಬ್ಬ ಮನುಷ್ಯನ ದುಡಿಯುವ ವಯಸ್ಸನ್ನೆಲ್ಲ ತಿಂದುಹಾಕುತ್ತದೆ.

2011ರ ಜನಗಣತಿಯಲ್ಲಿ ಕರ್ನಾಟಕದ 13 ಲಕ್ಷಕ್ಕೂ ಹೆಚ್ಚು ಜನ ಅಂಗವೈಕಲ್ಯ ಇರುವವರೆಂದು ದಾಖಲಾದರು. ದೇಶದ ಲೆಕ್ಕ ತೆಗೆದರೆ ಅಂಥವರಲ್ಲಿ ದುಡಿಮೆಯಲ್ಲಿದ್ದವರು ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು, ಅಷ್ಟೇ. ನೀವು ಆ ಒಬ್ಬರಾಗಬೇಕು. ಹೇಗೆ ಎಂಬುದು ಕೆಳಗಿದೆ. ಓದಿ ಮಡಚಿ ಇಡಬೇಡಿ. ಒಂದೊಂದನ್ನೇ ಮಾಡಿ ಟಿಕ್ ಹಾಕುತ್ತ ಹೋಗಿ.

1. ಮೊದಲು ಯುಡಿಐಡಿ ಕಾರ್ಡ್ ಮಾಡಿಸಿ

ಇದು ವಿಶೇಷ ಚೇತನರ ವಿಶಿಷ್ಟ ಗುರುತಿನ ಚೀಟಿ, ಇವತ್ತೇ ಅರ್ಜಿ ಹಾಕಿ. ಕಾರ್ಡ್ ಇಲ್ಲದವರಿಗೆ ಮೀಸಲಾತಿ ಇಲ್ಲ, ಸಾಲ ಇಲ್ಲ, ಪಾಸ್ ಇಲ್ಲ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ತುಂಬಿ, ಆಸ್ಪತ್ರೆಯ ತಪಾಸಣೆಗೆ ಹಳೆಯ ರಿಪೋರ್ಟ್‌ಗಳನ್ನೆಲ್ಲ ಒಯ್ಯಿರಿ. ವೈಕಲ್ಯ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗಿದ್ದರೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ ಪಟ್ಟಿಯ ಕಾರ್ಡ್ ಬರುತ್ತದೆ. ಶೇ. 40 ಎಂಬುದು ಗಡಿ. ನೌಕರಿ ಮೀಸಲಾತಿ ಶುರುವಾಗುವುದೇ ಅಲ್ಲಿಂದ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಕುಬ್ಜತೆ, ಆಸಿಡ್ ದಾಳಿಯ ಗಾಯ, ಸಿಕಲ್ ಸೆಲ್, ತಲಸ್ಸೀಮಿಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಎಲ್ಲವೂ ಪಟ್ಟಿಯಲ್ಲಿವೆ. "ನನ್ನದು ಇದರಾಗ ಬರೂದಿಲ್ಲ" ಎಂದು ನೀವೇ ತೀರ್ಮಾನ ಕೊಡಬೇಡಿ. ಆಧಾರ್, ಮಾರ್ಕ್ಸ್ ಕಾರ್ಡ್, ಯುಡಿಐಡಿ ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿಕೊಳ್ಳಿ. ನೌಕರಿ ಕೈಗೆ ಬರುವ ಹೊತ್ತಿಗೆ ದಾಖಲೆ ಪರಿಶೀಲನೆಯಲ್ಲಿ ಒಂದು ಅಕ್ಷರ ಅಡ್ಡ ಬರುವುದು ಬೇಡ.

2. "ನನ್ನಿಂದ ಆದೀತಾ?" ಬಿಡಿ, "ಹೆಂಗ ಮಾಡ್ಲಿ?" ಹಿಡಿಯಿರಿ

ಅನುಮಾನ ಒಂದು ಅಭ್ಯಾಸ. ಅದನ್ನು ಇನ್ನೊಂದು ಅಭ್ಯಾಸದಿಂದ ಕಿತ್ತುಹಾಕಿ. ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿ: ನಾನೊಬ್ಬನೇ ಮಾಡುವ ಕೆಲಸ, ಸಾಧನವಿದ್ದರೆ ಮಾಡುವ ಕೆಲಸ, ಇನ್ನೊಬ್ಬರು ಬೇಕೇಬೇಕಾದ ಕೆಲಸ. ಪ್ರತಿ ತಿಂಗಳು ಒಂದು ಕೆಲಸವನ್ನು ಮೂರನೇ ಕಾಲಂನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ತನ್ನಿ. ವರ್ಷ ತುಂಬಿದಾಗ ನೋಟ್‌ಬುಕ್ ನೋಡಿದರೆ ಸಾಕು, ಬೇರೆ ಯಾರೂ ಧೈರ್ಯ ಹೇಳಬೇಕಿಲ್ಲ.

ಕೆಲವು ಕೆಲಸಗಳು ಮೂರನೇ ಕಾಲಂನಲ್ಲೇ ಉಳಿಯುತ್ತವೆ, ಉಳಿಯಲಿ. ಸಹಾಯ ಪಡೆಯುವುದು ಸೋಲಲ್ಲ. ಯಾರಿಂದ, ಯಾವಾಗ, ಎಷ್ಟು ಸಹಾಯ ಬೇಕು ಎಂಬುದನ್ನು ನೀವೇ ಹೇಳಿ ಮಾಡಿಸಿಕೊಂಡರೆ ಅದೂ ಸ್ವಾತಂತ್ರ್ಯವೇ.

3. ಒಬ್ಬರೇ ಬಸ್ ಹತ್ತಿ

ಸ್ವಂತ ಸ್ನಾನ, ಸ್ವಂತ ಬಟ್ಟೆ, ಸ್ವಂತ ಚಹಾ. ಇವು ಕೈಗೆ ಬಂದ ಮೇಲೆ ಮುಂದಿನ ಪರೀಕ್ಷೆ ಬಸ್ ಸ್ಟ್ಯಾಂಡ್. ಸಾರಿಗೆ ನಿಗಮದ ರಿಯಾಯಿತಿ ಪಾಸ್ ಮಾಡಿಸಿದರೆ ನಿಮ್ಮ ಊರಿಂದ 100 ಕಿ.ಮೀ. ತನಕ ಓಡಾಡಬಹುದು. ಮುಧೋಳದಲ್ಲಿರುವವರಿಗೆ ಜಮಖಂಡಿ, ಬನಹಟ್ಟಿ, ಬೀಳಗಿ, ಬಾಗಲಕೋಟೆ ಎಲ್ಲವೂ ಆ ವ್ಯಾಪ್ತಿಯಲ್ಲೇ ಬಂದವು.

ಮೊದಲ ವಾರ ಯಾರಾದರೂ ಜತೆಗಿರಲಿ. ಎರಡನೇ ವಾರ ಅವರು ಹಿಂದಿನ ಸೀಟಿನಲ್ಲಿ ಕೂರಲಿ. ಮೂರನೇ ವಾರ ಮನೆಯಲ್ಲೇ ಇರಲಿ. ದಿನಾ ಹೋಗಿ ಬರಲಾಗದವರಿಗೆ ದಿನಗೂಲಿಯೂ ಇಲ್ಲ, ತಿಂಗಳ ಸಂಬಳವೂ ಇಲ್ಲ. ಆದ್ದರಿಂದ ಓಡಾಟವನ್ನು ನೌಕರಿಯ ಮೊದಲ ಟ್ರೇನಿಂಗ್ ಎಂದೇ ತಿಳಿಯಿರಿ.

4. ಪಂಚಾಯ್ತಿಯಲ್ಲಿ ಒಂದು ಹೆಸರು ಗೊತ್ತಿರಲಿ

ಗ್ರಾಮ ಪಂಚಾಯ್ತಿಗೆ ಒಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಜನ ವಿಆರ್‌ಡಬ್ಲ್ಯೂ ಎನ್ನುತ್ತಾರೆ. ತಾಲ್ಲೂಕಿಗೆ ಒಬ್ಬರು ಎಂಆರ್‌ಡಬ್ಲ್ಯೂ. ಅವರ ನಂಬರ್ ಫೋನಿನಲ್ಲಿ ಸೇವ್ ಮಾಡಿ. ಅವರಲ್ಲಿ ಬಹಳಷ್ಟು ಮಂದಿ ಸ್ವತಃ ವೈಕಲ್ಯ ಇರುವವರೇ. ಯಾವ ಅರ್ಜಿ ಯಾವ ಟೇಬಲ್ ಮೇಲೆ ನಿಂತಿದೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಪಂಚಾಯ್ತಿ ತನ್ನ ಸ್ವಂತ ಆದಾಯದ ಶೇ. 5ರಷ್ಟನ್ನು ವಿಶೇಷ ಚೇತನರಿಗಾಗಿ ಖರ್ಚು ಮಾಡಬೇಕು. ವಿಶೇಷ ಚೇತನರ ಗ್ರಾಮ ಸಭೆಗೆ ಹೋಗಿ ಎದ್ದು ಕೇಳಿ: "ಹೋದ ವರ್ಷದ ಐದು ಪರ್ಸೆಂಟ್ ಎದಕ್ಕ ಖರ್ಚಾತ್ರಿ?" ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ಬಾಯಿಮಾತಿಗೆ ಉತ್ತರ ಬರದಿರಬಹುದು, ಬರಹಕ್ಕೆ ಬರಲೇಬೇಕಾಗುತ್ತದೆ.

5. ಮಾರಾಟವಾಗುವ ವಿದ್ಯೆ ಕಲಿಯಿರಿ

ಈ ಸೂತ್ರಕ್ಕೆ ನಮ್ಮ ಭಾಗದಲ್ಲೇ ನೂರು ವರ್ಷದ ಸಾಕ್ಷಿ ಇದೆ. 1892ರಲ್ಲಿ ಹಾನಗಲ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿದ ಅಂಧ ಬಾಲಕ ಗದಿಗೆಯ್ಯ. ಬಾದಾಮಿ ಸಮೀಪದ ಶಿವಯೋಗ ಮಂದಿರ ಕಟ್ಟಿದ ಹಾನಗಲ್ ಕುಮಾರಸ್ವಾಮಿಗಳು ಆ ಹುಡುಗನ ದನಿ ಕೇಳಿ ಅಯ್ಯೋ ಪಾಪ ಎನ್ನಲಿಲ್ಲ, ಸಂಗೀತ ಕಲಿಯಲು ಹಚ್ಚಿದರು. ಕರ್ನಾಟಕ ಸಂಗೀತ ಕಲಿತದ್ದು ಸಾಲದೆಂದು ಹುಡುಗ ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿಯನ್ನೂ ಕಲಿತ. ಮುಂದೆ ಆತನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮ ಅವರಿಂದ ಬೆಳೆಯಿತು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮದ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ನುಡಿಸಿದರು, ಪುಸ್ತಕ ಬರೆದರು, ನಾಟಕ ಬರೆದರು, ನಾಟಕ ಕಂಪನಿ ಕಟ್ಟಿ ಅದರ ಗಳಿಕೆಯಿಂದ ಆಶ್ರಮದ ಮಕ್ಕಳಿಗೆ ಊಟ ಹಾಕಿದರು. 2010ರಲ್ಲಿ ಪದ್ಮಭೂಷಣ ಅವರಿಗೆ ಬಂತು.

ಇದರಲ್ಲಿ ಭಕ್ತಿಯನ್ನಷ್ಟೇ ನೋಡಬೇಡಿ, ಪ್ಲ್ಯಾನ್ ನೋಡಿ. ಒಂದು ವಿದ್ಯೆಯಲ್ಲಿ ಪೂರ್ತಿ ಪಳಗು. ಎರಡು ಪದ್ಧತಿ ಕಲಿ, ಆಗ ಎರಡು ಕಡೆ ಕೆಲಸ ಸಿಗುತ್ತದೆ. ಆ ವಿದ್ಯೆಗೆ ಹಣ ಕೊಡುವ ಜನ ಎಲ್ಲಿದ್ದಾರೆ ಎಂದು ಹುಡುಕು. ಆಶ್ರಮದಿಂದ ಹೊರಬಂದ ಎಷ್ಟೋ ಅಂಧ ವಿದ್ಯಾರ್ಥಿಗಳು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ ಸಂಸಾರ ನಡೆಸಿದರು. ಮೀಸಲಾತಿಯೂ ಇಲ್ಲದ, ಸ್ಮಾರ್ಟ್‌ಫೋನೂ ಇಲ್ಲದ ಕಾಲದಲ್ಲಿ ಇದು ನಡೆಯಿತು.

ನೀವು ಹಾಡಲೇಬೇಕಿಲ್ಲ. ಟ್ಯಾಲಿ, ಡಿಟಿಪಿ, ಮೊಬೈಲ್ ರಿಪೇರಿ, ಟೇಲರಿಂಗ್, ಡೇಟಾ ಎಂಟ್ರಿ, ನರ್ಸರಿ, ಯಾವುದಾದರೂ ಸರಿ. ಆದರೆ "ಬರುತ್ತದೆ" ಎನ್ನುವ ಮಟ್ಟಕ್ಕೆ ನಿಲ್ಲಿಸಬೇಡಿ. "ಈ ಕೆಲಸಕ್ಕೆ ಅವರನ್ನೇ ಕರೀರಿ" ಎಂದು ಊರವರು ಹೇಳುವ ತನಕ ಬಿಡಬೇಡಿ.

6. ಕಲಿಯಲು ಮನೆ ಬಿಡಿ

ಬಳೆಗಾರರ ಮನೆಯ ಹುಡುಗ ರನ್ನ ಸಾವಿರ ವರ್ಷದ ಹಿಂದೆ ಇದೇ ಮುಧೋಳದಿಂದ ಶ್ರವಣಬೆಳಗೊಳದ ತನಕ ವಿದ್ಯೆ ಹುಡುಕಿಕೊಂಡು ಹೋದವನು. ನಿಮಗೆ ಇವತ್ತು ರಾತ್ರಿ ಬಸ್ ಇದೆ. ಮೂರು ತಿಂಗಳ ಕೋರ್ಸಿಗೆ ಬೆಂಗಳೂರಿಗೆ ಹೋಗಲು ಹೆದರಬೇಡಿ.

ಬೆಳಗಾವಿ ಜಿಲ್ಲೆಯ ಹಳ್ಳಿಯಿಂದ ಬಂದ, ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಮಹಾಂತೇಶ ಕಿವಡಸಣ್ಣವರ 1997ರಲ್ಲಿ ಬೆಂಗಳೂರಿನಲ್ಲಿ ಸಮರ್ಥನಂ ಸಂಸ್ಥೆ ಕಟ್ಟಿದರು. ಅಲ್ಲಿ ಕಂಪ್ಯೂಟರ್, ಇಂಗ್ಲಿಷ್, ನೌಕರಿಯ ತರಬೇತಿ ಸಿಗುತ್ತದೆ. 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ಆರಂಭಿಸಿದ ಎನೇಬಲ್ ಇಂಡಿಯಾ ನೌಕರಿ ಕೊಡಿಸುವುದನ್ನೇ ಮುಖ್ಯ ಕೆಲಸ ಮಾಡಿಕೊಂಡಿದೆ. ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಎನ್.ಎಸ್. ಹೇಮಾ 1959ರಲ್ಲಿ ಶುರುಮಾಡಿದ ಎಪಿಡಿ ಸಂಸ್ಥೆಯಲ್ಲಿ ತೋಟಗಾರಿಕೆ ತರಬೇತಿ ಇದೆ. ಹೊಲ ಇರುವ ಮನೆಯ ಹುಡುಗರಿಗೆ ನಾನು ಮೊದಲು ಹೇಳುವುದೇ ಇದನ್ನು. ಕಬ್ಬಿನ ಸಾಲಿನಲ್ಲಿ ಗಾಲಿಕುರ್ಚಿ ಹೋಗದಿರಬಹುದು. ಸಸಿ ಬೆಳೆಸುವ ಟ್ರೇ ಟೇಬಲ್ ಎತ್ತರಕ್ಕೆ ಬರುತ್ತದೆ.

ಹಾಸ್ಟೆಲ್ ಇದೆಯಾ, ಶುಲ್ಕ ಎಷ್ಟು, ಕೋರ್ಸ್ ಮುಗಿಸಿದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿದೆ? ಈ ಮೂರು ಪ್ರಶ್ನೆ ಕೇಳಿ ಸೇರಿ. ಮೂರನೆಯದಕ್ಕೆ ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

7. ಕೈಯಲ್ಲಿರುವ ಫೋನನ್ನು ಕೆಲಸಕ್ಕೆ ಹಚ್ಚಿ

ರೀಲ್ಸ್ ನೋಡುವ ಫೋನಿನಲ್ಲೇ ನಿಮ್ಮ ಅರ್ಧ ಪರಿಹಾರ ಇದೆ. ದೃಷ್ಟಿ ಇಲ್ಲದವರು ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಆನ್ ಮಾಡಿ; ಪರದೆಯ ಮೇಲಿನದನ್ನು ಅದು ಓದಿ ಹೇಳುತ್ತದೆ. ಕಂಪ್ಯೂಟರ್‌ಗೆ ಎನ್‌ವಿಡಿಎ ಹಾಕಿಕೊಳ್ಳಿ. ಅದು ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತದೆ, ಅದನ್ನು ಬರೆಯಲು ಶುರುಮಾಡಿದವರೇ ದೃಷ್ಟಿ ಇಲ್ಲದ ಪ್ರೋಗ್ರಾಮರ್. ಕಿವಿ ಕೇಳದವರಿಗೆ ಎದುರಿನವರ ಮಾತನ್ನು ಅಕ್ಷರ ಮಾಡಿ ತೋರಿಸುವ ಲೈವ್ ಟ್ರಾನ್ಸ್‌ಕ್ರೈಬ್ ಇದೆ. ಕೈ ನಡುಗುವವರು ಟೈಪ್ ಮಾಡುವ ಬದಲು ಮಾತಾಡಿ ಬರೆಸಿ.

ದಿನಕ್ಕೆ ಒಂದು ಗಂಟೆ, ಒಂದು ತಿಂಗಳು ಅಭ್ಯಾಸ ಮಾಡಿ. ಮೊದಲ ವಾರ ತಲೆ ಕೆಡುತ್ತದೆ, ಬಿಡಬೇಡಿ. ಸಾಧನ ಪಳಗಿಸಿಕೊಂಡವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕ ಹಿಂಜರಿಯುವುದಿಲ್ಲ, ಏಕೆಂದರೆ ಕಲಿಸುವ ಹೊರೆ ಅವನ ಮೇಲೆ ಬೀಳುವುದಿಲ್ಲ.

8. ಕೆಲಸ ಇರುವಲ್ಲಿ ಹುಡುಕಿ: ನಿಮ್ಮ ತಾಲ್ಲೂಕಿನಲ್ಲೇ

"ನಮ್ಮೂರಾಗ ಏನೈತಿ?" ಎನ್ನುವವರು ಒಂದು ದಿನ ಕಣ್ಣು ಬಿಟ್ಟು ಊರು ಸುತ್ತಲಿ. ಸಕ್ಕರೆ ಕಾರ್ಖಾನೆ ಎಂದರೆ ಹೊಲ ಮತ್ತು ಹೊಗೆ ಅಷ್ಟೇ ಅಲ್ಲ. ಕಾಂಟಾದಲ್ಲಿ ತೂಕದ ಎಂಟ್ರಿ ಇದೆ, ರೈತರ ಬಿಲ್ ಸೆಕ್ಷನ್ ಇದೆ, ಲ್ಯಾಬ್ ಇದೆ, ಸ್ಟೋರ್ಸ್ ಇದೆ, ಗೇಟ್‌ನಲ್ಲಿ ಟೋಕನ್ ಕೊಡುವ ಕೆಲಸ ಇದೆ. ಇವೆಲ್ಲ ಕೂತು ಮಾಡುವ ಕೆಲಸಗಳು. ಕಾಲಿಗೆ ಬಲವಿಲ್ಲದ ಬಿ.ಕಾಂ. ಪದವೀಧರ ಇಲ್ಲಿ ಯಾರಿಗೂ ಕಡಿಮೆಯಲ್ಲ. ಸೀಜನ್ ಶುರುವಾಗುವ ಎರಡು ತಿಂಗಳು ಮೊದಲೇ ಬಯೋಡೇಟಾ ಕೊಡಿ. ನುರಿಸುವುದು ಶುರುವಾದ ಮೇಲೆ ಹೋದರೆ ಎಚ್‌ಆರ್‌ಗೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ.

ರಬಕವಿ–ಬನಹಟ್ಟಿಯಲ್ಲಿ ಮಗ್ಗದ ಮುಂದೆ ನಿಲ್ಲುವವರಷ್ಟೇ ನೇಕಾರರಲ್ಲ. ಕಂಡಿಕೆ ಸುತ್ತುವುದು, ಸೀರೆ ಮಡಿಸಿ ಪ್ಯಾಕ್ ಮಾಡುವುದು, ಡಿಸೈನ್ ಕಂಪ್ಯೂಟರ್‌ನಲ್ಲಿ ಹಾಕುವುದು, ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ಆರ್ಡರ್ ಹಿಡಿಯುವುದು, ಎಲ್ಲಕ್ಕೂ ಜನ ಬೇಕು. ಶ್ರವಣದೋಷ ಇರುವವರಿಗೆ ಪವರ್‌ಲೂಮ್ ಶೆಡ್ ಒಗ್ಗುವ ಜಾಗ ಎಂದು ಅನೇಕರು ಸಲಹೆ ಕೊಡುತ್ತಾರೆ. ನನಗೆ ಆ ಸಲಹೆ ಪೂರ್ತಿ ಒಪ್ಪಿಗೆಯಿಲ್ಲ. ಉಳಿದಿರುವ ಶ್ರವಣ ಶಕ್ತಿಯನ್ನೂ ಆ ಸದ್ದು ತಿನ್ನುತ್ತದೆ. ಹೋಗುವುದಾದರೆ ಇಯರ್ ಮಫ್ ಹಾಕಿಕೊಂಡೇ ಹೋಗಿ, ಅಪಾಯದ ಸೂಚನೆಗೆ ಮಿನುಗುವ ಲೈಟ್ ಕೇಳಿ.

ಇನ್ನು ಸ್ವಂತ ಉದ್ಯೋಗ. ಗ್ರಾಮ ಒನ್ ಕೇಂದ್ರ, ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ, ಕೋಳಿ, ಆಡು ಸಾಕಣೆ, ಮಹಾಲಿಂಗಪುರದ ಬೆಲ್ಲವನ್ನು ಒಂದು ಕೆ.ಜಿ. ಪ್ಯಾಕೆಟ್ ಮಾಡಿ ಆನ್‌ಲೈನ್‌ನಲ್ಲಿ ಮಾರುವುದು. ರಾಜ್ಯದ ಆಧಾರ ಯೋಜನೆಯಲ್ಲಿ ಇಂಥ ಉದ್ಯೋಗಕ್ಕೆ ಸಾಲ ಮತ್ತು ಸಹಾಯಧನ ಇದೆ. ಬಾಗಲಕೋಟೆಯ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಈ ವರ್ಷದ ನಿಯಮ ಕೇಳಿ ತಿಳಿಯಿರಿ. ಸಾಲ ಬರುವ ಮೊದಲು ಒಂದು ತಿಂಗಳು ಅದೇ ವ್ಯಾಪಾರ ಮಾಡುವವರ ಅಂಗಡಿಯಲ್ಲಿ ಕೂತು ಕಲಿಯಿರಿ. ಸಹಾಯಧನ ಸಿಗುತ್ತದೆಂದು ಶುರುವಾದ ಅಂಗಡಿ ಬೇಗ ಮುಚ್ಚುತ್ತದೆ. ಗಿರಾಕಿ ಇದ್ದಾರೆಂದು ಶುರುವಾದದ್ದು ಉಳಿಯುತ್ತದೆ.

9. ಸರ್ಕಾರಿ ಪರೀಕ್ಷೆಗೆ ಪೂರ್ತಿ ತಯಾರಿಯಲ್ಲಿ ಇಳಿಯಿರಿ

2016ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಕನಿಷ್ಠ ಶೇ. 5 ಮೀಸಲಿಟ್ಟಿದೆ. ಅಧಿಸೂಚನೆ ಬಂದಾಗ ಮೊದಲು ನೋಡಬೇಕಾದದ್ದು: ಆ ಹುದ್ದೆ ನಿಮ್ಮ ಬಗೆಯ ವೈಕಲ್ಯಕ್ಕೆ ಗುರುತಿಸಿದ್ದೇ? ಆಮೇಲೆ ಸಿಲಬಸ್.

ಬರೆಯಲು ಆಗದವರಿಗೆ ಲಿಪಿಕಾರರ ಸಹಾಯ, ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯ ಕೇಂದ್ರದ ಮಾರ್ಗಸೂಚಿಯಲ್ಲಿದೆ. ಅರ್ಜಿ ತುಂಬುವಾಗಲೇ ಕೇಳಿ. ಪರೀಕ್ಷೆಯ ದಿನ ಕೇಳಿದರೆ ತಡವಾಗುತ್ತದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿ ವಿಕಾಸ್ ಕುಮಾರ್ ಈ ಹಕ್ಕಿಗಾಗಿ ಯುಪಿಎಸ್‌ಸಿ ವಿರುದ್ಧ ಸುಪ್ರೀಂ ಕೋರ್ಟ್ ತನಕ ಹೋಗಿ 2021ರಲ್ಲಿ ಗೆದ್ದರು. ಆ ತೀರ್ಪು ಈಗ ನಿಮ್ಮ ಬೆನ್ನಿಗಿದೆ.

ಕುಣಿಗಲ್ ತಾಲ್ಲೂಕಿನ ಕೆಂಪಹೊನ್ನಯ್ಯ ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡರು, ಕನ್ನಡ ಉಪನ್ಯಾಸಕರಾದರು, 2016ರ ಯುಪಿಎಸ್‌ಸಿ ಪರೀಕ್ಷೆಯಲ್ಲಿ 340ನೇ ರ‍್ಯಾಂಕ್ ಪಡೆದು ಐಎಎಸ್ ಸೇರಿದರು. ಮನೆಯವರು ಓದಿ ಧ್ವನಿಮುದ್ರಿಸಿ ಕೊಟ್ಟದ್ದನ್ನು ಮತ್ತೆ ಮತ್ತೆ ಕೇಳಿ ಓದಿದವರು ಅವರು. ಕೈಯಲ್ಲಿದ್ದ ಒಂದು ಕೆಲಸ ಬಿಡದೆ ಮುಂದಿನದಕ್ಕೆ ತಯಾರಾದದ್ದನ್ನು ಗಮನಿಸಿ. ನೀವೂ ಸಣ್ಣ ನೌಕರಿ ಹಿಡಿದುಕೊಂಡೇ ದೊಡ್ಡದಕ್ಕೆ ಓದಿ.

10. ಇಂಟರ್‌ವ್ಯೂನಲ್ಲಿ ನೀವೇ ಮೊದಲು ಮಾತೆತ್ತಿ

ಎದುರಿಗೆ ಕೂತವರಿಗೆ ನಿಮ್ಮ ವೈಕಲ್ಯದ ಬಗ್ಗೆ ಹೇಗೆ ಕೇಳಬೇಕೆಂದು ತಿಳಿಯದು. ಕೇಳದೆ ರಿಜೆಕ್ಟ್ ಮಾಡುತ್ತಾರೆ. ಅವರ ಮನಸ್ಸಿನ ಪ್ರಶ್ನೆಗೆ ನೀವೇ ಉತ್ತರ ಕೊಡಿ, ಪರಿಹಾರದ ಸಮೇತ:

"ಸರ್, ನನಗ ಬಲಗಿವಿ ಕೇಳೂದಿಲ್ರಿ. ಎಡಗಡೆ ನಿಂತು ಮಾತಾಡಿದ್ರ ಎಲ್ಲಾ ಕೇಳತೈತ್ರಿ. ಆರ್ಡರ್ ವಾಟ್ಸಾಪ್‌ನ್ಯಾಗ ಕಳಿಸ್ರಿ, ಒಂದೂ ತಪ್ಪಂಗಿಲ್ರಿ."

ಮೂರು ವಾಕ್ಯ ಸಾಕು. ನಂತರ ತಕ್ಷಣ ನಿಮ್ಮ ಕೌಶಲಕ್ಕೆ ಬನ್ನಿ, ಮಾಡಿದ ಕೆಲಸ ತೋರಿಸಿ. ಕರುಣೆಯಿಂದ ಸಿಕ್ಕ ನೌಕರಿ ಕರುಣೆ ತೀರಿದ ದಿನ ಹೋಗುತ್ತದೆ. ಕನ್ನಡಿ ಮುಂದೆ ನಿಂತು ಹೇಳಿ ಹೇಳಿ ರೂಢಿ ಮಾಡಿಕೊಳ್ಳಿ.

11. ಕೆಲಸದ ಜಾಗದಲ್ಲಿ ಬೇಕಾದ್ದನ್ನು ಬರೆದು ಕೇಳಿ

ರ‍್ಯಾಂಪ್, ನೆಲಮಹಡಿಯ ಟೇಬಲ್, ಸ್ಕ್ರೀನ್ ರೀಡರ್, ಶೌಚಾಲಯದ ಹಿಡಿಕೆ. ಏನು ಬೇಕೋ ಅದನ್ನು ಒಂದೇ ಪುಟದಲ್ಲಿ, ಅಂದಾಜು ಖರ್ಚಿನೊಂದಿಗೆ ಬರೆದು ಕೊಡಿ. ಸರ್ಕಾರಿ ಸಂಸ್ಥೆಗಳು ಇಂಥ ಹೊಂದಾಣಿಕೆ ಮಾಡಿಕೊಡುವುದು ಕಡ್ಡಾಯ. ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಯಾವ ಹುದ್ದೆ, ಯಾವ ಸೌಲಭ್ಯ ಎಂಬ ವಿವರವೂ ಅದರಲ್ಲಿರಬೇಕು. "ನಮ್ಮ ಪಾಲಿಸಿಯ ಪ್ರತಿ ಸಿಗಬಹುದಾ?" ಎಂದು ಎಚ್‌ಆರ್‌ಗೆ ವಿನಯವಾಗಿ ಮೇಲ್ ಹಾಕಿ. ಸ್ಪಂದನೆ ಸಿಗದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು.

12. ಅಪಘಾತವಾದರೆ ರಾಜೀನಾಮೆ ಬರೆಯಬೇಡಿ

ಗಾಣಕ್ಕೆ ಕೈ ಸಿಕ್ಕವರು, ಮಗ್ಗದಲ್ಲಿ ಬೆರಳು ಕಳೆದುಕೊಂಡವರು, ಕಬ್ಬಿನ ಟ್ರ್ಯಾಕ್ಟರ್ ಕೆಳಗೆ ಕಾಲು ಹೋದವರು ನಮ್ಮ ಭಾಗದಲ್ಲಿ ಅಪರೂಪವಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದಾಗ ಯಾರೋ ಕಾಗದ ತಂದು "ಸಹಿ ಮಾಡಪಾ, ಸಾಹೇಬರು ಏನರ ಕೊಡತಾರ" ಎನ್ನುತ್ತಾರೆ. ಓದದೆ ಸಹಿ ಮಾಡಬೇಡಿ. ಇಎಸ್‌ಐ ಇದ್ದರೆ ಅಂಗವೈಕಲ್ಯ ಸೌಲಭ್ಯ ಇದೆ. ಇಲ್ಲದಿದ್ದರೆ ನೌಕರರ ಪರಿಹಾರದ ಕಾನೂನು ಇದೆ, ಅದರಡಿ ಕಾರ್ಮಿಕ ಇಲಾಖೆಯ ಮೂಲಕ ಕ್ಲೇಮ್ ಹಾಕಿ. ಸರ್ಕಾರಿ ನೌಕರಿಯಲ್ಲಿದ್ದರೆ ವೈಕಲ್ಯ ಬಂತೆಂದು ತೆಗೆಯುವಂತಿಲ್ಲ. ಅದೇ ವೇತನದ ಬೇರೆ ಹುದ್ದೆ ಕೊಡಬೇಕು, ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿಯಾದರೂ ಇಟ್ಟುಕೊಳ್ಳಬೇಕು.

ಗಾಯ ಮಾಗುವ ಮೊದಲೇ ಮುಂದಿನ ಕೆಲಸದ ಟ್ರೇನಿಂಗ್ ಯೋಚಿಸಿ. ಹದಿನೈದು ವರ್ಷ ಮಗ್ಗ ನಡೆಸಿದವರ ತಲೆಯಲ್ಲಿರುವ ಕಸುಬು ಒಂದು ಕೈ ಹೋದರೆ ಹೋಗುವುದಿಲ್ಲ. ಅವರು ಸೂಪರ್‌ವೈಸರ್ ಆಗಬಹುದು, ಹೊಸಬರಿಗೆ ಕಲಿಸಬಹುದು, ನೂಲಿನ ವ್ಯಾಪಾರ ಮಾಡಬಹುದು.

13. ಹಣ ನಿಮ್ಮ ಖಾತೆಗೆ, ಹೊಲ ನಿಮ್ಮ ಉತಾರಕ್ಕೆ

ಸಂಬಳ ಅಣ್ಣನ ಖಾತೆಗೆ, ಎಟಿಎಂ ಕಾರ್ಡ್ ಅಪ್ಪನ ಜೇಬಿಗೆ ಹೋಗುವುದು ನಿಲ್ಲಲಿ. ದೃಷ್ಟಿ ಇಲ್ಲದವರಿಗೂ ಚೆಕ್ ಬುಕ್, ಎಟಿಎಂ, ಲಾಕರ್ ನಿರಾಕರಿಸಬಾರದೆಂದು ಆರ್‌ಬಿಐ 2008ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ತಿಂಗಳ ಗಳಿಕೆಯಲ್ಲಿ ಮೊದಲು ಉಳಿತಾಯ ತೆಗೆದಿಡಿ, ಆರ್‌ಡಿ ಐನೂರು ರೂಪಾಯಿಂದಲೇ ಶುರುವಾಗಲಿ. ಮಾಸಾಶನ ನಿಂತುಹೋದೀತೆಂದು ಒಳ್ಳೆಯ ನೌಕರಿ ಬಿಡುವವರಿದ್ದಾರೆ. ಎರಡರ ವರ್ಷದ ಮೊತ್ತ ಪಕ್ಕ ಪಕ್ಕ ಬರೆದು ನೋಡಿ, ನಿರ್ಧಾರ ತಾನಾಗಿಯೇ ಆಗುತ್ತದೆ. ತೆರಿಗೆ ಕಟ್ಟುವ ಮಟ್ಟಕ್ಕೆ ಬೆಳೆದರೆ ಹಳೆಯ ಪದ್ಧತಿಯಲ್ಲಿ ಅಂಗವೈಕಲ್ಯಕ್ಕೆ ₹75,000, ತೀವ್ರ ವೈಕಲ್ಯಕ್ಕೆ ₹1,25,000 ಕಡಿತ ಇದೆ.

ಇನ್ನು ಆಸ್ತಿ. ಇಲ್ಲಿ ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಅತಿ ಹೆಚ್ಚು ಅನ್ಯಾಯ ನಡೆಯುವುದು ವಾಟ್ನಿಯ ದಿನ. "ಅವನ್ನ ನಾವs ನೋಡ್ಕೋತೀವಿ, ಅವನ ಪಾಲು ನಮ್ಮ ಹೆಸರಿಗೇ ಇರಲಿ" ಎಂದು ಹಿರಿಯರ ಮುಂದೆ ಮಾತಾಗುತ್ತದೆ, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಬೀಳುತ್ತದೆ. ಹತ್ತು ವರ್ಷದ ಮೇಲೆ ನೋಡಿಕೊಳ್ಳುವವರೂ ಇಲ್ಲ, ಪಾಲೂ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮು ಸ್ಪಷ್ಟ: ಕಾಯಿಲೆ, ದೋಷ, ಅಂಗವಿಕಾರದ ಕಾರಣಕ್ಕೆ ಯಾರೂ ಉತ್ತರಾಧಿಕಾರ ಕಳೆದುಕೊಳ್ಳುವುದಿಲ್ಲ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ನಿಮ್ಮ ಪಾಲನ್ನು ನಿಮ್ಮ ಹೆಸರಿಗೇ ಮಾಡಿಸಿಕೊಳ್ಳಿ. ಉಳುವುದು ಆಗದಿದ್ದರೆ ಲಾವಣಿಗೆ ಕೊಡಿ, ಅಣ್ಣನೇ ಮಾಡಲಿ, ಆದರೆ ಉತಾರದಲ್ಲಿ ನಿಮ್ಮ ಹೆಸರಿರಲಿ. ಹೆಸರಿದ್ದವರಿಗೆ ಬೆಳೆ ಸಾಲ, ವಿಮೆ, ಕಾರ್ಖಾನೆಯ ಬಿಲ್ ಎಲ್ಲವೂ ಬರುತ್ತದೆ. ಮನೆಯಲ್ಲಿ ಮರ್ಯಾದೆಯೂ.

14. ತಂದೆ-ತಾಯಿಗೆ: ನೀವಿರುವಾಗಲೇ ಕಾಗದ ಮಾಡಿ

ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವೈಕಲ್ಯ ಇರುವ ಮಕ್ಕಳ ತಂದೆ-ತಾಯಿ ರಾತ್ರಿ ನಿದ್ದೆಗೆಡುವುದು ಒಂದೇ ಪ್ರಶ್ನೆಗೆ: ನಮ್ಮ ನಂತರ ಯಾರು? ಚಿಂತೆಯನ್ನು ಕೆಲಸದ ಪಟ್ಟಿ ಮಾಡಿ.

ಮಗು 18 ದಾಟಿದ ಮೇಲೆ ಕಾನೂನಿನ ಕಣ್ಣಲ್ಲಿ ನೀವು ತಾನಾಗಿಯೇ ಪೋಷಕರಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಿರಿ. ಈ ನಾಲ್ಕೂ ವೈಕಲ್ಯಗಳಿಗೆ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ₹1 ಲಕ್ಷದ ತನಕ ರಕ್ಷಣೆ ಇದೆ, ಮೊದಲೇ ವೈದ್ಯಕೀಯ ತಪಾಸಣೆ ಬೇಕಿಲ್ಲ. ಸರ್ಕಾರಿ ನೌಕರರಾಗಿದ್ದರೆ ದುಡಿಯಲಾಗದ ಮಗುವಿಗೆ ಕುಟುಂಬ ಪಿಂಚಣಿಯ ಅವಕಾಶ ಇದೆ. ಸೇವಾ ಪುಸ್ತಕದಲ್ಲಿ ಮಗುವಿನ ವೈಕಲ್ಯದ ಪ್ರಮಾಣಪತ್ರ ಸೇರಿಸಿದ್ದೀರಾ ನೋಡಿ. ನಿವೃತ್ತಿಯ ದಿನದ ತನಕ ಕಾಯಬೇಡಿ. ಉಯಿಲು ಬರೆದು ನೋಂದಾಯಿಸಿ. ಆಸ್ತಿ ದೊಡ್ಡದಿದ್ದರೆ ವಕೀಲರನ್ನು ಕಂಡು ಖಾಸಗಿ ಟ್ರಸ್ಟ್ ಮಾಡಿ. ಹಣ ಮಗುವಿಗಾಗಿ ಖರ್ಚಾಗಬೇಕು, ಒಬ್ಬರ ಕೈಗೆ ಪೂರ್ತಿ ಸಿಗಬಾರದು.

ಹಾಗೆಂದು ಮಗುವಿನ ಕೈಗೆ ಕೆಲಸ ಕೊಡುವುದನ್ನು ನಿಲ್ಲಿಸಬೇಡಿ. ಬುದ್ಧಿಮಾಂದ್ಯತೆ ಇರುವ ಹುಡುಗ ದಿನಕ್ಕೆ ನೂರು ಕವರ್‌ಗೆ ಬೆಲ್ಲ ತುಂಬಬಲ್ಲ. ಆ ದುಡ್ಡು ಚಿಕ್ಕದಿರಬಹುದು, ಸಂಜೆ ಅದನ್ನು ಅವನ ಕೈಗೇ ಕೊಡಿ.

ಒಂದು ಫೈಲ್ ಮಾಡಿ. ಅದರಲ್ಲಿ ಯುಡಿಐಡಿ, ಪಾಲಕತ್ವದ ಆದೇಶ, ವಿಮೆ, ಪಾಸ್‌ಬುಕ್ ಪ್ರತಿಗಳಿರಲಿ. ಜತೆಗೆ ಕೈಬರಹದ ಎರಡು ಪುಟ: ಯಾವ ಮಾತ್ರೆ ಯಾವಾಗ, ಫಿಟ್ಸ್ ಬಂದರೆ ಏನು ಮಾಡಬೇಕು, ರೊಟ್ಟಿ ಎಷ್ಟು ಮೆತ್ತಗಿರಬೇಕು, ಯಾವ ಸದ್ದಿಗೆ ಮಗಳು ಹೆದರುತ್ತಾಳೆ, ಸಿಟ್ಟು ಬಂದಾಗ ಯಾವ ಹಾಡು ಹಚ್ಚಿದರೆ ಸುಮ್ಮನಾಗುತ್ತಾಳೆ. ಅಣ್ಣ-ತಮ್ಮ, ಅಕ್ಕ-ತಂಗಿಯರನ್ನು ಕೂರಿಸಿ ಆ ಪುಟಗಳನ್ನು ಓದಿ ಹೇಳಿ. ಮುಂದೆ ಯಾರು ಹೊಣೆ ಹೊರುತ್ತಾರೋ ಅವರ ಮನೆಯಲ್ಲಿ ಮಗಳನ್ನು ಒಂದು ವಾರ ಬಿಟ್ಟು ನೀವು ಊರಿಗೆ ಹೋಗಿ. ಎಂಟನೇ ದಿನ ಬಂದು ಏನು ತೊಡಕಾಯಿತು ಎಂದು ಇಬ್ಬರನ್ನೂ ಕೇಳಿ, ಮಗಳನ್ನು ಮೊದಲು ಕೇಳಿ, ಆ ಎರಡು ಪುಟ ತಿದ್ದಿ ಬರೆಯಿರಿ. ಮುಂದಿನ ಸಲ ಹದಿನೈದು ದಿನ ಬಿಡಿ.